ಅನುದಾನದ ಅರ್ಜಿ ಮತ್ತು ಜತ್ತದ ಮಕ್ಕಳು

ದಿಕ್ಕಿಲ್ಲದ ಮಕ್ಕಳಿಗೆ ನಮ್ಮ ಸೀಮೆಯಲ್ಲಿ ಆಶ್ರಯ ಎಲ್ಲೆಲ್ಲಿ ಹುಟ್ಟಿತು ಎಂದು ನೂರೈವತ್ತು ವರ್ಷಗಳ ಇತಿಹಾಸ ಕೆದಕಿದರೆ, ಬರಕ್ಕೆ ಹೆಚ್ಚು ಬೆಂದ ಊರುಗಳ ಹೆಸರು ಮೊದಲು ಸಿಗುವುದಿಲ್ಲ. ಮನವಿ ಬರೆಯಬಲ್ಲವರು, ವರದಿ ಕಳಿಸಬಲ್ಲವರು, ಲೆಕ್ಕ ಒಪ್ಪಿಸಬಲ್ಲವರು ಇದ್ದ ಊರುಗಳ ಹೆಸರು ಸಿಗುತ್ತವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿಗೆ ಬರವೂ ಹೊಸದಲ್ಲ, ಗುಳೆಯೂ ಹೊಸದಲ್ಲ. ಅದರ ಪೂರ್ವ ಭಾಗದ ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಅರ್ಜಿ ಹಾಕಬೇಕಾದ ಕಚೇರಿಯ ಮಾತು ಮರಾಠಿ. ಮಕ್ಕಳ ರಕ್ಷಣೆಯ ಹಣವನ್ನು ಅರ್ಜಿ ಹಾಕಿದವರಿಗೆ ಹಂಚುವ ಪದ್ಧತಿ ಮೊದಲಿನಿಂದಲೂ ಇಂಥ ತಾಲೂಕುಗಳ ಎದುರು ಗೋಡೆಯಾಗಿ ನಿಂತಿದೆ ಎಂಬುದು ನನ್ನ ವಾದ. ತಪ್ಪು ಅರ್ಜಿ ಹಾಕದ ಊರಿನದಲ್ಲ, ಅರ್ಜಿ ಬರಲೆಂದು ಕಾದು ಕುಳಿತ ಪದ್ಧತಿಯದು.

ಈ ಪದ್ಧತಿಯ ಬೇರು ಶಿಕ್ಷಣ ಕುರಿತ 1854ರ ವುಡ್ ಆದೇಶದಲ್ಲಿದೆ. ಖಾಸಗಿ ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡಬೇಕು, ಆದರೆ ಶಾಲೆ ಮೊದಲೇ ನಡೆಯುತ್ತಿರಬೇಕು, ತಪಾಸಣೆಗೆ ಒಪ್ಪಬೇಕು ಎಂದಿತು ಅದು. ಮೊದಲು ಸಂಸ್ಥೆ, ಆಮೇಲೆ ಹಣ. ಶಾಲೆಗೆಂದು ಮಾಡಿದ ಈ ಕ್ರಮವೇ ಮುಂದೆ ಅನಾಥಾಲಯಗಳಿಗೂ ದಾರಿಯಾಯಿತು. ದಾನದ ಹಣದ ಕಥೆಯೂ ಇದೇ. ಜೋತಿರಾವ್ ಫುಲೆ ದಂಪತಿ 1863ರಲ್ಲಿ ಪುಣೆಯಲ್ಲಿ ಶಿಶುಹತ್ಯೆ ತಡೆಯುವ ಗೃಹ ತೆರೆದರು. 1875ರಲ್ಲಿ ಪಂಢರಪುರದಲ್ಲಿ ಪ್ರಾರ್ಥನಾ ಸಮಾಜದವರ ಬಾಲಕಾಶ್ರಮ ಶುರುವಾಯಿತು. ಎರಡರ ಹಿಂದೆಯೂ ಓದು ಬರಹ ಬಲ್ಲ, ನಗರದ ದಾನಿಗಳ ಸಂಪರ್ಕವಿದ್ದ ಜನರಿದ್ದರು. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಪಂಡಿತಾ ರಮಾಬಾಯಿ. ಕಾರ್ಕಳದ ಬಳಿಯ ಮಾಳದ ಮನೆತನದ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಅಮೆರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, 1887ರಲ್ಲಿ ಬೋಸ್ಟನ್ನಿನಲ್ಲಿ ತಮ್ಮ ಹೆಸರಿನ ಸಂಘವೇ ಹುಟ್ಟಿಕೊಳ್ಳುವಂತೆ ಮಾಡಿದರು. ಆ ಸಂಘ ಹತ್ತು ವರ್ಷ ನೆರವಿನ ಮಾತು ಕೊಟ್ಟಿದ್ದರಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. 1896ರ ಬರ ಬಂದಾಗ ನೂರಾರು ಹೆಣ್ಣುಮಕ್ಕಳನ್ನು ಕರೆತರುವ ಧೈರ್ಯ, ಕೇಡಗಾಂವದಲ್ಲಿ ಅವರಿಗೆ ನೆಲೆ, ಎರಡೂ ಸಾಧ್ಯವಾದವು. ರಮಾಬಾಯಿಯವರ ಕರುಣೆ ದೊಡ್ಡದು. ಆದರೆ ಆ ಕರುಣೆಗೆ ಕೈಕಾಲು ಬಂದದ್ದು ಅವರ ಲೇಖನಿಯಿಂದ. ಅಂಥ ಲೇಖನಿ ಇಲ್ಲದ ಸೀಮೆಯ ಕೂಸುಗಳ ಗತಿಯೇನು?

ಜತ್ತ ಅಂಥ ಸೀಮೆ. ಡಫಳೆ ಮನೆತನದ ಈ ಸಂಸ್ಥಾನ ಡಫಳಾಪುರವೂ ಸೇರಿ ಸುಮಾರು 980 ಚದರ ಮೈಲಿಯಷ್ಟಿತ್ತು. 1901ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 68 ಸಾವಿರ ಜನ. ಒಂದು ಮಗ್ಗುಲಲ್ಲಿ ವಿಜಯಪುರ, ಇನ್ನೊಂದರಲ್ಲಿ ಸೊಲ್ಲಾಪುರ, ಎರಡೂ ಬರಗಾಲಕ್ಕೆ ಹೆಸರಾದ ಜಿಲ್ಲೆಗಳು. ಮುಂಬಯಿ ಪ್ರಾಂತ್ಯ 1924ರಲ್ಲಿ ಮಕ್ಕಳ ಕಾಯ್ದೆ ತಂದು, ಮಾನ್ಯತೆ ಪಡೆದ ಶಾಲೆಗಳಿಗೆ ಮಕ್ಕಳನ್ನು ಒಪ್ಪಿಸುವ ವ್ಯವಸ್ಥೆ ಮಾಡಿತು. ಆ ಕಾಯ್ದೆ ಜಾರಿಗೆ ಬಂದದ್ದು ಮೊದಲು ಮುಂಬಯಿ ನಗರದಲ್ಲಿ. ಸಂಸ್ಥಾನದ ಗಡಿಯೊಳಗೆ ಅದು ತಾನಾಗಿ ಕಾಲಿಡುವಂತಿರಲಿಲ್ಲ. ಹೀಗೆ ಜತ್ತದ ಮಗುವಿಗೆ ಮೊದಲ ತಡೆ ರಾಜಕೀಯ ಗಡಿಯಾಯಿತು. ಜನ ಸುಮ್ಮನೆ ಕುಳಿತಿದ್ದರು ಎಂದಲ್ಲ. ಗುಡ್ಡಾಪುರದ ದಾನಮ್ಮನ ಸನ್ನಿಧಿಯ ದಾಸೋಹ, ಲಿಂಗಾಯತ ಮಠಗಳ ಪ್ರಸಾದ ನಿಲಯಗಳು ಈ ನಾಡಿನ ಹಳೆಯ ಉತ್ತರಗಳು. ಗದಗದಲ್ಲಿ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಊರೂರು ಆಡಿಸಿ ಅಂಧ ಮಕ್ಕಳ ಹೊಟ್ಟೆ ತುಂಬಿಸಿದರು. ಕಾಳಿನ ಜೋಳಿಗೆಯಲ್ಲಿ ಬಂದದ್ದಕ್ಕೆ ನಮೂನೆ, ರುಜು ಬೇಕಿರಲಿಲ್ಲ. ಆದರೆ ಮೂರು ವರ್ಷ ಸಾಲಾಗಿ ಮಳೆ ಹೋದರೆ ಜೋಳಿಗೆಯೂ ಬರಿದಾಗುತ್ತದೆ. ಮಗುವಿಗೆ ನೆರವು ಅತಿ ಹೆಚ್ಚು ಬೇಕಾದ ವರ್ಷವೇ ಊರಿನ ಕೈ ಖಾಲಿ. ಹೊರಗಿನ ಹಣ ಬೇಕಾಗುವುದು ಇದಕ್ಕೇ.

ಸ್ವಾತಂತ್ರ್ಯದ ನಂತರ 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, 1949ರಲ್ಲಿ ಜತ್ತ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, 1960ರಲ್ಲಿ ಆ ಜಿಲ್ಲೆಗೆ ಸಾಂಗ್ಲಿ ಎಂಬ ಹೆಸರು ಬಂತು. ಹಳೆಯ ಗಡಿ ಅಳಿಸಿತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಮುಂದಾಳುತನದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿ, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಹಂಚತೊಡಗಿತು. ಸಂಸ್ಥೆಗಳೇ ಇಲ್ಲದ ಹಳ್ಳಿಗಳಿಗೆ ಈ ದಾರಿಯಿಂದ ಏನೂ ಮುಟ್ಟುವುದಿಲ್ಲವೆಂದು ಮಂಡಳಿಗೆ ಬಹಳ ಬೇಗ ತಿಳಿಯಿತೆಂಬುದು ನನಗೆ ತುಂಬ ಮಹತ್ವದ ಸಂಗತಿಯಾಗಿ ಕಾಣುತ್ತದೆ. ಮರುವರ್ಷವೇ, 1954ರಲ್ಲಿ, ಸುಮಾರು 25 ಹಳ್ಳಿ, 20 ಸಾವಿರ ಜನರಿಗೆ ಒಂದರಂತೆ ಕಲ್ಯಾಣ ವಿಸ್ತರಣಾ ಯೋಜನೆಗಳನ್ನು ಮಂಡಳಿ ತಾನೇ ಹಳ್ಳಿಗೆ ಹೋಗಿ ಶುರುಮಾಡಿತು. ಅರ್ಜಿಗಾಗಿ ಕಾಯಲಿಲ್ಲ. ಈ ಅರಿವು ಬಹುಕಾಲ ಉಳಿಯಲಿಲ್ಲ. ಎಪ್ಪತ್ತರ ದಶಕದ ಮಧ್ಯದಲ್ಲಿ ಬಂದ ನಿರ್ಗತಿಕ ಮಕ್ಕಳ ಯೋಜನೆಯಲ್ಲಿ ಕೇಂದ್ರ 45, ರಾಜ್ಯ 45, ಉಳಿದ 10 ಭಾಗವನ್ನು ಸಂಸ್ಥೆ ಹೊರಬೇಕೆಂಬ ಲೆಕ್ಕ ಬಂತು. ಹತ್ತು ರೂಪಾಯಿ ತಂದವನಿಗೆ ತೊಂಬತ್ತು! ಪುಣೆಯ ಸಂಸ್ಥೆಗೆ ಆ ಹತ್ತು ಹಗುರ. ಬರಬಿದ್ದ ತಾಲೂಕಿನಲ್ಲಿ ಅದನ್ನು ಯಾರಿಂದ ಕೇಳುವುದು?

ಬೇರೆ ದಾರಿ ಇರಲಿಲ್ಲವೆ? ಅಮೆರಿಕದ 1935ರ ಸಾಮಾಜಿಕ ಭದ್ರತಾ ಕಾಯ್ದೆ ಮಕ್ಕಳ ಕಲ್ಯಾಣ ಸೇವೆಗೆ ವರ್ಷಕ್ಕೆ 15 ಲಕ್ಷ ಡಾಲರ್ ಎತ್ತಿಟ್ಟು, ಆ ಹಣ ಮುಖ್ಯವಾಗಿ ಹಳ್ಳಿಗಾಡಿಗೆಂದು ಸ್ಪಷ್ಟವಾಗಿ ಬರೆಯಿತು. ಪ್ರತಿ ರಾಜ್ಯಕ್ಕೂ 10,000 ಡಾಲರ್, ಮಿಕ್ಕದ್ದು ಆಯಾ ರಾಜ್ಯದ ಗ್ರಾಮೀಣ ಜನಸಂಖ್ಯೆಗೆ ತಕ್ಕಂತೆ. ಇನ್ನೂ ಮುಖ್ಯವಾದ ಮಾತೆಂದರೆ, ಯೋಜನೆಯನ್ನು ರಾಜ್ಯದ ಇಲಾಖೆಯೂ ಕೇಂದ್ರದ ಮಕ್ಕಳ ಬ್ಯೂರೊವೂ ಕೂಡಿ ಕುಳಿತು ಸಿದ್ಧಪಡಿಸಬೇಕಿತ್ತು. ಹಣ ಕೊಡುವವರೇ ಬರೆಯುವುದಕ್ಕೂ ಕೈಹಚ್ಚುವ ಕ್ರಮ ಅದು.

ನಮ್ಮಲ್ಲಿ 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಕಟ್ಟಿ ಈ ದಿಕ್ಕಿಗೆ ಹೊರಳಿತು. ಈಗಿನ ಮಿಷನ್ ವಾತ್ಸಲ್ಯ ಅದರ ಮುಂದುವರಿಕೆ. ಹಾಗಾದರೆ ದೂರೇನು ಎಂದು ಕೇಳಬಹುದು. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯ, ಮಗು ಕುಟುಂಬದಲ್ಲೇ ಬೆಳೆಯಬೇಕು. ಅನಾಥಾಲಯ ಎಬ್ಬಿಸದ ಜತ್ತ ಕಳೆದುಕೊಂಡದ್ದೇನು ಎಂಬ ಆಕ್ಷೇಪಕ್ಕೂ ಬಲವಿದೆ. ಮಗು ಮನೆಯಲ್ಲಿರಬೇಕೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕುಟುಂಬಕ್ಕೆ ಸಿಗುವ ತಿಂಗಳ 4,000 ರೂಪಾಯಿ ಪ್ರಾಯೋಜಕತ್ವವೂ ಅರ್ಜಿಯ ಮೂಲಕವೇ ಬರುತ್ತದೆ. ಹಳ್ಳಿಯಲ್ಲಿ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಬಾರದು. ಅದಕ್ಕೆ ದಾಖಲೆ ಬೇಕು. ದಸರೆ ಕಳೆದ ಮೇಲೆ ಕೂಲಿ ಗುತ್ತಿಗೆದಾರ ಮುಕಾದಮನ ಮುಂಗಡ ಪಡೆದು ಕಬ್ಬು ಕಡಿಯಲು ಹೋದ ಮಗ ಸೊಸೆಯ ಕೂಸುಗಳನ್ನು ಸಾಕುವ ಅಜ್ಜಿ ಆ ದಾಖಲೆ ಎಲ್ಲಿಂದ ತರಬೇಕು? ಗುಳೆ ಹೋದವರ ಮಕ್ಕಳ ಹಂಗಾಮಿ ವಸತಿಗೃಹಕ್ಕೂ ಯಾರೋ ಒಬ್ಬರು ಪ್ರಸ್ತಾವ ಬರೆಯಲೇಬೇಕು. ಮೊದಲು ಸಂಸ್ಥೆಗಳ ಎದುರಿಗಿದ್ದ ಗೋಡೆ ಈಗ ಮನೆಯ ಬಾಗಿಲಿಗೇ ಬಂದಿದೆ.

ಇನ್ನೊಂದು ಆಕ್ಷೇಪ ಲೆಕ್ಕಪತ್ರದ್ದು: ಅರ್ಜಿ, ತಪಾಸಣೆ ಇಲ್ಲದೆ ಹಣ ಕೊಟ್ಟರೆ ಸೋರುತ್ತದೆ, ಮಕ್ಕಳಿಗೇ ಅಪಾಯ. ತಪಾಸಣೆ ಬೇಕೇ ಬೇಕು. ಆದರೆ ಬಿಹಾರದ ಮುಜಫ್ಫರಪುರದಲ್ಲಿ ಹೆಣ್ಣುಮಕ್ಕಳ ಮೇಲೆ ಘೋರ ದೌರ್ಜನ್ಯ ನಡೆದದ್ದು ಸರ್ಕಾರದ ಅನುದಾನ ಪಡೆಯುತ್ತಿದ್ದ ವಸತಿಗೃಹದಲ್ಲಿ. 2018ರಲ್ಲಿ ಅದನ್ನು ಹೊರಗೆಳೆದದ್ದು ಒಳಗೆ ಹೋಗಿ ಮಕ್ಕಳ ಜೊತೆ ಮಾತಾಡಿದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ ಸಾಮಾಜಿಕ ಲೆಕ್ಕತಪಾಸಣೆ. ಕಾಗದ ಚೊಕ್ಕವಿದ್ದ ಮಾತ್ರಕ್ಕೆ ಮಗು ಸುರಕ್ಷಿತವಲ್ಲ. ಜತ್ತದ ಕನ್ನಡಿಗರಿಗೆ ಮರಾಠಿ ಬರುತ್ತದಲ್ಲ ಎನ್ನುವವರೂ ಇದ್ದಾರೆ. ಸಂತೆಯ ಮರಾಠಿ ಬರುತ್ತದೆ, ನಿಜ. ಪ್ರಸ್ತಾವದ ಮರಾಠಿ, ಮಾರ್ಗಸೂಚಿಯ ಇಂಗ್ಲಿಷು ಬೇರೆ. ಕನ್ನಡ ಶಾಲೆಯಲ್ಲಿ ಓದಿದ ತಾಯಿಗೆ ಅವು ತೆರೆಯುವುದಿಲ್ಲ.

ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡುವ ಹಕ್ಕು ಕೊಟ್ಟಿದೆ. ಅನುದಾನದ ಅರ್ಜಿಯ ಮಾತು ಅದರಲ್ಲಿಲ್ಲ, ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ, ಶೇಕಡ 15ರಷ್ಟು ಜನ ಆಡುವ ಭಾಷೆಗೆ ಮುಖ್ಯ ನಿಯಮ, ಸೂಚನೆಗಳನ್ನು ಅನುವಾದಿಸಬೇಕೆಂಬ ಮಾತೂ ಇದೆ. ಜತ್ತದ ನೂರಕ್ಕೂ ಹೆಚ್ಚು ಕನ್ನಡ ಶಾಲೆಗಳ ಶಿಕ್ಷಕರು, ಗ್ರಾಮ ಪಂಚಾಯತಿಗಳ ಸದಸ್ಯರು ಈ ಎರಡನ್ನೂ ಹಿಡಿದು ಮೊದಲ ಮನವಿಯನ್ನು ಕನ್ನಡದಲ್ಲೇ ಬರೆಯಲಿ: ಮಿಷನ್ ವಾತ್ಸಲ್ಯದ ನಮೂನೆಗಳು ಕನ್ನಡದಲ್ಲಿ ಬೇಕು, ಮತ್ತು ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಉಮದಿಗೆ, ಸಂಖಕ್ಕೆ ಬಂದು ಅರ್ಜಿ ತುಂಬಿಸಿಕೊಂಡು ಹೋಗಬೇಕು.