ಹತ್ತು ಸಮಸ್ತರು ಮತ್ತು ಕೋರಂ

ಘಟ್ಟದ ಬುಡದ ಚಾರ್ಮಾಡಿಯಿಂದ ಮೂಡುಬಿದಿರೆಯವರೆಗಿನ ಸೀಮೆಯಲ್ಲಿ ಉತ್ಸವದ ಆಮಂತ್ರಣ ಪತ್ರಿಕೆಗಳನ್ನು ಓದಿ ಬಲ್ಲವರಿಗೆ ‘ಊರ ಹತ್ತು ಸಮಸ್ತರು’ ಎಂಬ ಸಹಿ ಹೊಸತಲ್ಲ. ಅದು ಬರಿಯ ಹತ್ತು ಮಂದಿಯೂ ಅಲ್ಲ, ತಲೆಯೆಣಿಸಿ ತೆಗೆದ ಸಮಸ್ತರೂ ಅಲ್ಲ. ಬಂದ ಹತ್ತು ಜನ ಬಾರದವರ ಪರವಾಗಿಯೂ ಮಾತನಾಡಬಲ್ಲರೆಂಬ ನಂಬಿಕೆ ಆ ನುಡಿಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಅದೇ ಊರಿನವರು ಒಂದು ಸಂಘ ಕಟ್ಟಿ ರಿಜಿಸ್ಟರ್ ಮಾಡಿಸಿದರೆಂದರೆ ನಂಬಿಕೆಯೊಂದೇ ಸಾಲದು, ಕೋರಂ ಬೇಕು. ಇಷ್ಟು ಮಂದಿ ಸದಸ್ಯರು ಹಾಜರಿಲ್ಲದೆ ಕೂಡಿದ್ದು ಸಭೆಯೇ ಅಲ್ಲವೆಂಬ ಕಟ್ಟು ಅದು.

ಈ ಪದದ ಹುಟ್ಟು ವಿನೋದವಾಗಿದೆ. ಲ್ಯಾಟಿನಿನಲ್ಲಿ ‘ಕೋರಂ’ ಎಂದರೆ ‘ಯಾರೊಳಗಿನ’ ಎಂದಷ್ಟೇ ಅರ್ಥ. ಇಂಗ್ಲೆಂಡಿನ ಅರಸರು ಸೀಮೆಯ ನ್ಯಾಯಾಧಿಕಾರಿಗಳನ್ನು ನೇಮಿಸುವಾಗ ಕೆಲವರ ಹೆಸರನ್ನು ಬೇರೆಯಾಗಿ ಹೇಳಿ, ಇವರೊಳಗಿನ ಒಬ್ಬನಾದರೂ ಕೂಟದಲ್ಲಿರತಕ್ಕದ್ದೆಂದು ಸನದಿನಲ್ಲಿ ಬರೆಸುತ್ತಿದ್ದರು. ಅಂದರೆ ಮೊದಲಿದ್ದ ಪ್ರಶ್ನೆ ‘ಎಷ್ಟು ಮಂದಿ?’ ಎಂಬುದಲ್ಲ, ‘ಯಾರು?’ ಎಂಬುದು. 1641ರಲ್ಲಿ ಅಲ್ಲಿನ ಕಾಮನ್ಸ್ ಸಭೆ ನಲವತ್ತು ಎಂಬ ಅಂಕೆಯನ್ನು ಗೊತ್ತುಮಾಡಿಕೊಂಡಿತು.

ನಮ್ಮಲ್ಲಿಯೂ ಮೊದಲು ‘ಯಾರು’ ಎಂಬುದೇ ದೊಡ್ಡದಾಗಿತ್ತು. ಐಹೊಳೆಯ ಹೆಸರನ್ನು ಹೊತ್ತ ‘ಐನೂರ್ವರು’ ಎಂಬ ವರ್ತಕ ಸಂಘದಲ್ಲಿ ಐನೂರು ಒಂದು ಬಿರುದೇ ಹೊರತು ಹಾಜರಿಯ ಲೆಕ್ಕವಲ್ಲ. ಬಾರಕೂರು, ಬಸರೂರುಗಳ ಶಾಸನಗಳಲ್ಲಿ ಕಾಣುವ ‘ಹಲರು’ ಅಂಕೆಯ ಗೋಜಿಗೇ ಹೋಗಲಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ಎದ್ದುದು ಅಲ್ಲಿನ ಸೆಟ್ಟಿಕಾರರ ಕೂಟದ ಬಲದಿಂದ. ಹಳ್ಳಿಗಳಲ್ಲಂತೂ ಗುತ್ತು, ಬರ್ಕೆಗಳ ಯಜಮಾನರು ಸೇರಿದರೆ ಊರು ಸೇರಿದಂತೆ. ಎಣಿಸುತ್ತಿದ್ದುದು ಮನೆಯನ್ನು, ತಲೆಯನ್ನಲ್ಲ. ಈ ಪದ್ಧತಿಯನ್ನು ಹೊಗಳುವವರು ಒಂದು ಮಾತು ಮರೆಯಬಾರದು. ಅಳಿಯಸಂತಾನದ ನಾಡಿನಲ್ಲಿ ಮನೆತನ ಹೆಣ್ಣಿನಿಂದ ಬೆಳೆಯುತ್ತಿದ್ದರೂ ಚಾವಡಿಯಲ್ಲಿ ಮಾತು ಗಂಡಿನದು. ಕೊರಗರೂ ಮಲೆಕುಡಿಯರೂ ‘ಸಮಸ್ತ’ರಲ್ಲಿ ಸೇರಿದ್ದರೋ ಇಲ್ಲವೋ, ‘ಹತ್ತ’ರಲ್ಲಿ ಸೇರಿರಲಿಲ್ಲ.

ಇಂಥ ನಾಡಿಗೆ 1860ರ ಸೊಸೈಟಿಗಳ ನೋಂದಣಿ ಕಾಯಿದೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದರೂ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಕಾಯಿದೆ ಮಾತ್ರ ಎರಡು ಕಡೆಗೂ ಒಂದೇ. ಏಳು ಮಂದಿ ಕೂಡಿದರೆ ಸಂಘವಾಗಬಹುದು. ಅದನ್ನು ವಿಸರ್ಜಿಸಲು ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಒಪ್ಪಬೇಕು. ಮೂರು ತಿಂಗಳಿಗೆ ಮೀರಿ ಚಂದಾ ಬಾಕಿಯಿಟ್ಟವನು ಮತಕ್ಕೂ ಇಲ್ಲ, ಸದಸ್ಯರ ಎಣಿಕೆಗೂ ಇಲ್ಲ. ಆದರೆ ಸಾಮಾನ್ಯ ಸಭೆಯ ಕೋರಂ ಎಷ್ಟೆಂಬುದನ್ನು ಆ ಕಾಯಿದೆ ಹೇಳದೆ ಸಂಘದ ನಿಯಮಾವಳಿಗೇ ಬಿಟ್ಟಿತು. 1960ರಲ್ಲಿ ಮೈಸೂರು ರಾಜ್ಯ ತನ್ನದೇ ಕಾಯಿದೆ ಮಾಡಿಕೊಂಡಿತು.

ಒಬ್ಬನೇ ಕುಳಿತರೆ ಸಭೆಯಾದೀತೆ? ನಗಬೇಡಿ, ಈ ಪ್ರಶ್ನೆ ನ್ಯಾಯಾಲಯಕ್ಕೇ ಹೋಗಿದೆ. 1874ರಲ್ಲಿ ಕಾರ್ನ್‌ವಾಲಿನ ಗಣಿ ಕಂಪೆನಿಯೊಂದರ ಸಭೆಗೆ ಕಾರ್ಯದರ್ಶಿಯಲ್ಲದೆ ಬಂದವನು ಒಬ್ಬನೇ ಷೇರುದಾರ. ಆತನೇ ಅಧ್ಯಕ್ಷನಾಗಿ, ಷೇರುದಾರರೆಲ್ಲ ಇಷ್ಟಿಷ್ಟು ಹಣ ಕೊಡಬೇಕೆಂದು ನಿರ್ಣಯಿಸಿ, ಅಧ್ಯಕ್ಷರಿಗೆ ವಂದನೆಯನ್ನೂ ಸಲ್ಲಿಸಿಕೊಂಡ! ಸಭೆಯೆಂದರೆ ಒಬ್ಬನಿಗಿಂತ ಹೆಚ್ಚು ಜನವೆಂದು 1876ರಲ್ಲಿ ತೀರ್ಪಾಗಿ ಆ ನಿರ್ಣಯ ಬಿದ್ದುಹೋಯಿತು.

ಬಾರದವನ ಹಣ ಬಂದವನ ಕೈಯಲ್ಲಿ ಹೋಗದಂತೆ ಕಾಯುವುದೇ ಕೋರಂ. ಆದರೆ ಅಂಕೆಯನ್ನು ಬಹಳ ಏರಿಸಿದರೆ ಸಭೆಯೇ ನಡೆಯದು. 1956ರ ಕಂಪೆನಿ ಕಾಯಿದೆ ಇದಕ್ಕೊಂದು ಉಪಾಯ ಹೇಳಿತು. ಅರ್ಧ ಗಂಟೆ ಕಾದು, ಕೋರಂ ಆಗದಿದ್ದರೆ ಮುಂದಿನ ವಾರಕ್ಕೆ ಹಾಕಿ, ಅಂದೂ ಆಗದಿದ್ದರೆ ಬಂದವರನ್ನೇ ಕೋರಂ ಎಂದು ತಿಳಿಯಬೇಕು. ನಮ್ಮ ಕೆಲವು ಸಂಘಗಳು ಆ ವಾರವನ್ನೂ ಉಳಿಸಿ, ಅರ್ಧ ಗಂಟೆ ಕಳೆದೊಡನೆ ಅದೇ ಬೆಂಚಿನ ಮೇಲೆ ‘ಮುಂದೂಡಿದ ಸಭೆ’ ನಡೆಸುವುದುಂಟು. ಇದು ಕೋರಂ ಅಲ್ಲ, ಗಡಿಯಾರಕ್ಕೆ ಸಲ್ಲಿಸುವ ಕಾಣಿಕೆ.

ಗ್ರಾಮಸಭೆಯ ವಿಷಯದಲ್ಲಿ ಕರ್ನಾಟಕದ ಪಂಚಾಯತ್ ಕಾಯಿದೆ ಇನ್ನಷ್ಟು ವಿವೇಕ ತೋರಿದೆ. ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು ಕೋರಂ. ಆದರೆ ಅಷ್ಟಕ್ಕೇ ನಿಲ್ಲದೆ, ಬಂದವರಲ್ಲಿ ನೂರಕ್ಕೆ ಮೂವತ್ತು ಮಂದಿ ಹೆಂಗಸರಿರಬೇಕು, ಪರಿಶಿಷ್ಟರು ತಮ್ಮ ಜನಸಂಖ್ಯೆಗೆ ತಕ್ಕಂತೆ ಇರಬೇಕೆನ್ನುತ್ತದೆ. ‘ಯಾರು?’ ಎಂಬ ಹಳೆಯ ಪ್ರಶ್ನೆ ತಿರುಗಿ ಬಂದಿದೆ. ಈ ಸಲ ಚಾವಡಿಯ ಹೊರಗಿದ್ದವರ ಪರವಾಗಿ.

ಸಹಕಾರಿ ಸಂಘಗಳ ದಾರಿ ಬೇರೆ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿ, ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಬರಬೇಕೆಂದು ವಿಧಿಸಲು ಅವಕಾಶ ಕೊಟ್ಟಿತು. ಕರ್ನಾಟಕವೂ ಮಹಾಸಭೆಗಳಿಗೆ ತಪ್ಪಿಸಿಕೊಂಡವನ ಮತದ ಹಕ್ಕಿಗೆ ಕತ್ತರಿ ಹಾಕಿತು. ಕೋರಂ ಸಭೆಯನ್ನು ಅನೂರ್ಜಿತ ಮಾಡುತ್ತಿತ್ತು. ಇದು ಸದಸ್ಯನನ್ನೇ ಅನೂರ್ಜಿತ ಮಾಡಿತು. ವರ್ಷದ ಲೆಕ್ಕ ಮಾರ್ಚಿಗೆ ಮುಗಿದು ಆರು ತಿಂಗಳೊಳಗೆ ಮಹಾಸಭೆ ಆಗಬೇಕೆಂದರೆ, ಲೆಕ್ಕಪರಿಶೋಧನೆ ಮುಗಿಯುವ ಹೊತ್ತಿಗೆ ಘಟ್ಟದ ಕೆಳಗೆ ಮಳೆಗಾಲ. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ರಾಜ್ಯದೊಳಗಿನ ಸಹಕಾರಿಗಳ ಮಟ್ಟಿಗೆ ಆ ತಿದ್ದುಪಡಿಯ ಭಾಗವನ್ನು ರದ್ದುಮಾಡಿತು. ಕಾರಣ, ರಾಜ್ಯಗಳಲ್ಲಿ ಅರ್ಧದಷ್ಟಾದರೂ ಅದಕ್ಕೆ ಅನುಮೋದನೆ ಕೊಡಬೇಕಿತ್ತು, ಅದನ್ನು ಕೇಳಿಯೇ ಇರಲಿಲ್ಲ. ಹಾಜರಿಯನ್ನು ಕಡ್ಡಾಯ ಮಾಡಹೊರಟ ಶಾಸನಕ್ಕೇ ಬೇಕಾದಷ್ಟು ಒಪ್ಪಿಗೆ ಕೂಡಿರಲಿಲ್ಲವೆಂದಾಯಿತು.

ಅದಕ್ಕೆ ಎರಡು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತ್ತು. ಕೊಳಂಬೆಯ ಮನೆ ತೋಟಗಳಿಗೆ ನೆರೆಯ ಮರಳು ನುಗ್ಗಿತ್ತು. ಮಹಾಸಭೆಗಳ ನೋಟೀಸು ಹೊರಡುವ ತಿಂಗಳೂ ಅದೇ.