ಎಚ್‌ಐವಿ ಸುಪ್ತಸಂಗ್ರಹ: ಔಷಧಕ್ಕೆ ನಿಲುಕದೆ ಉಳಿಯುವ ವೈರಸ್

ಎಚ್‌ಐವಿ ಸೋಂಕಿಗೆ ನಿಯಮಿತವಾಗಿ ಚಿಕಿತ್ಸೆ ಪಡೆಯುವವರ ರಕ್ತಪರೀಕ್ಷೆಯಲ್ಲಿ ಕೆಲವು ತಿಂಗಳೊಳಗೆ ವೈರಸ್ ‘ಪತ್ತೆಯಾಗಿಲ್ಲ’ ಎಂಬ ವರದಿ ಬರುವುದು ಇಂದು ಸಾಮಾನ್ಯವಾಗಿದೆ. ಆದರೆ ಮಾತ್ರೆಗಳನ್ನು ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಅದೇ ವೈರಸ್ ರಕ್ತದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಸೋಂಕು ತಗುಲಿದ್ದರಿಂದ ಹೀಗಾಗುವುದಲ್ಲ. ದೇಹದ ಕೆಲವು ಜೀವಕೋಶಗಳ ಒಳಗೆ, ಬೂದಿ ಮುಚ್ಚಿದ ಕೆಂಡದಂತೆ, ವೈರಸ್ ಅಡಗಿ ಉಳಿದಿರುತ್ತದೆ. ಇಂತಹ ಕೋಶಗಳ ಒಟ್ಟು ಸಮೂಹವನ್ನು ‘ಸುಪ್ತಸಂಗ್ರಹ’ ಎನ್ನಬಹುದು. ಎಚ್‌ಐವಿ ಚಿಕಿತ್ಸೆ ಜೀವನಪರ್ಯಂತ ನಡೆಯಬೇಕಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಕೋಶದ ಡಿಎನ್‌ಎಯಲ್ಲಿ ಬೆರೆಯುವ ಬಗೆ

ಎಚ್‌ಐವಿಯು ರೆಟ್ರೊವೈರಸ್‌ಗಳ ಗುಂಪಿಗೆ ಸೇರಿದೆ. ಈ ವೈರಸ್‌ಗಳ ವಂಶವಾಹಿ ಮಾಹಿತಿ ಇರುವುದು ಆರ್‌ಎನ್‌ಎ ರೂಪದಲ್ಲಿ. ಕೋಶದೊಳಗೆ ಪ್ರವೇಶಿಸಿದ ಬಳಿಕ ‘ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್’ ಎಂಬ ಕಿಣ್ವವು ಆ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುತ್ತದೆ. ಈ ಕಿಣ್ವವನ್ನು 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದರು. 1975ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರೂ ಪಾಲು ಪಡೆದರು. ಅನಂತರ ‘ಇಂಟಿಗ್ರೇಸ್’ ಎಂಬ ಮತ್ತೊಂದು ಕಿಣ್ವವು ವೈರಸ್‌ನ ಡಿಎನ್‌ಎಯನ್ನು ಮಾನವ ಕೋಶದ ವರ್ಣತಂತುವಿಗೆ ಹೊಲಿದಂತೆ ಸೇರಿಸುತ್ತದೆ. ಹೀಗೆ ಸೇರಿಕೊಂಡ ವೈರಸ್‌ಗೆ ‘ಪ್ರೊವೈರಸ್’ ಎಂದು ಹೆಸರು. ಆ ಕ್ಷಣದಿಂದ ಅದು ಕೋಶದ ಸ್ವಂತ ವಂಶವಾಹಿಗಳೊಡನೆ ಒಂದಾಗಿ ಉಳಿಯುತ್ತದೆ. ಕೋಶ ಬದುಕಿರುವವರೆಗೆ ಅದೂ ಇರುತ್ತದೆ. ಕೋಶ ಇಬ್ಭಾಗವಾದರೆ ಎರಡೂ ಮರಿಕೋಶಗಳಿಗೆ ಅದರ ಪ್ರತಿ ದೊರೆಯುತ್ತದೆ.

ಔಷಧದ ವ್ಯಾಪ್ತಿ ಮತ್ತು ಮಿತಿ

ಹಲವು ಔಷಧಗಳನ್ನು ಒಟ್ಟಿಗೆ ನೀಡುವ ಸಂಯುಕ್ತ ಚಿಕಿತ್ಸೆ 1996ರ ಸುಮಾರಿಗೆ ಬಳಕೆಗೆ ಬಂದಿತು. ಈ ಔಷಧಗಳಲ್ಲಿ ಕೆಲವು ವೈರಸ್ ಕೋಶದೊಳಗೆ ಬರುವುದನ್ನು, ಕೆಲವು ಆರ್‌ಎನ್‌ಎಯಿಂದ ಡಿಎನ್‌ಎ ಆಗುವುದನ್ನು, ಕೆಲವು ವರ್ಣತಂತುವಿಗೆ ಸೇರುವುದನ್ನು, ಇನ್ನು ಕೆಲವು ಹೊಸ ವೈರಸ್ ಕಣಗಳು ಪಕ್ವವಾಗುವುದನ್ನು ತಡೆಯುತ್ತವೆ. ಅಂದರೆ ಇವೆಲ್ಲವೂ ವೈರಸ್‌ನ ಚಟುವಟಿಕೆಯ ಒಂದಲ್ಲ ಒಂದು ಹಂತವನ್ನು ನಿಲ್ಲಿಸುತ್ತವೆ. ಆದರೆ ಈಗಾಗಲೇ ವರ್ಣತಂತುವಿನಲ್ಲಿ ಸೇರಿಹೋಗಿ ಯಾವ ಚಟುವಟಿಕೆಯನ್ನೂ ತೋರದ ಪ್ರೊವೈರಸ್‌ನ ಮೇಲೆ ಕೆಲಸ ಮಾಡಲು ಅವುಗಳಿಗೆ ಅವಕಾಶವೇ ಇಲ್ಲ. ಹೊಸ ಕೋಶಗಳಿಗೆ ಸೋಂಕು ಹರಡದಂತೆ ಅವು ಕಾಯುತ್ತವೆ. ಹಳೆಯ ಸೋಂಕಿತ ಕೋಶಗಳನ್ನು ಕಿತ್ತೊಗೆಯುವುದಿಲ್ಲ.

ಅಡಗುತಾಣಗಳು

ಎಚ್‌ಐವಿಯು ಮುಖ್ಯವಾಗಿ ಸಿಡಿ4 ಎಂಬ ರೋಗನಿರೋಧಕ ಕೋಶಗಳನ್ನು ಆಕ್ರಮಿಸುತ್ತದೆ. ಸಕ್ರಿಯವಾಗಿ ವೈರಸ್ ಉತ್ಪಾದಿಸುವ ಕೋಶಗಳು ಒಂದೆರಡು ದಿನಗಳಲ್ಲೇ ಸಾಯುತ್ತವೆ. ಆದರೆ ಕೆಲವು ಸಿಡಿ4 ಕೋಶಗಳು ಹಿಂದೆ ಎದುರಿಸಿದ ರೋಗಾಣುವಿನ ನೆನಪನ್ನಿಟ್ಟುಕೊಂಡು ವರ್ಷಗಟ್ಟಲೆ ವಿಶ್ರಾಂತಿಯಲ್ಲಿರುವ ‘ಸ್ಮೃತಿಕೋಶ’ಗಳಾಗುತ್ತವೆ. ಇಂತಹ ವಿಶ್ರಾಂತ ಕೋಶದಲ್ಲಿ ವೈರಸ್‌ನ ವಂಶವಾಹಿಗಳೂ ಮೌನವಾಗಿರುತ್ತವೆ. ವೈರಸ್‌ನ ಪ್ರೋಟೀನುಗಳು ಹೊರಮೈಯಲ್ಲಿ ಕಾಣದ ಕಾರಣ ದೇಹದ ರಕ್ಷಣಾ ವ್ಯವಸ್ಥೆಗೂ ಈ ಕೋಶ ಗುರುತು ಸಿಗುವುದಿಲ್ಲ.

ಪರಿಣಾಮಕಾರಿ ಚಿಕಿತ್ಸೆಯಲ್ಲಿದ್ದವರಲ್ಲೂ ಇಂತಹ ಕೋಶಗಳು ಉಳಿದಿರುವುದನ್ನು 1997ರಲ್ಲಿ ಅಮೆರಿಕದ ಮೂರು ಸಂಶೋಧನಾ ತಂಡಗಳು ತೋರಿಸಿಕೊಟ್ಟವು. ಪ್ರಯೋಗಾಲಯದಲ್ಲಿ ಎಬ್ಬಿಸಿದಾಗ ಸಮರ್ಥ ವೈರಸ್ ಹೊರಬರುವ ಕೋಶಗಳು ಹತ್ತು ಲಕ್ಷ ವಿಶ್ರಾಂತ ಸಿಡಿ4 ಕೋಶಗಳಲ್ಲಿ ಸುಮಾರು ಒಂದು ಮಾತ್ರ. ಸಂಖ್ಯೆ ಇಷ್ಟು ಚಿಕ್ಕದಾದರೂ ಅದು ಕರಗುವ ವೇಗ ಬಹಳ ನಿಧಾನ: ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಈ ಲೆಕ್ಕದಲ್ಲಿ ಔಷಧವೊಂದರಿಂದಲೇ ಸಂಗ್ರಹ ಬರಿದಾಗಲು 60 ವರ್ಷಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಸೋಂಕಿತ ಕೋಶಗಳು ದುಗ್ಧಗ್ರಂಥಿಗಳಲ್ಲಿ ಮತ್ತು ಕರುಳಿನ ಅಂಗಾಂಶದಲ್ಲಿರುತ್ತವೆ.

ಸಂಗ್ರಹವು ಬತ್ತದಿರಲು ಇನ್ನೊಂದು ಕಾರಣವೂ ಇದೆ. ಸ್ಮೃತಿಕೋಶಗಳು ಸಹಜವಾಗಿಯೇ ಆಗಾಗ ವಿಭಜನೆಗೊಂಡು ತಮ್ಮ ಸಂಖ್ಯೆಯನ್ನು ಕಾಪಾಡಿಕೊಳ್ಳುತ್ತವೆ. ಅವುಗಳೊಡನೆ ಪ್ರೊವೈರಸ್‌ನ ಪ್ರತಿಗಳೂ ಹೆಚ್ಚುತ್ತವೆ. ಇಲ್ಲಿ ವೈರಸ್ ಯಾವ ಹೊಸ ಕೋಶಕ್ಕೂ ದಾಟಬೇಕಾಗಿಲ್ಲ. ಆದ್ದರಿಂದ ಔಷಧಕ್ಕೆ ಇದನ್ನು ತಡೆಯಲಾಗದು. ಪ್ರೊವೈರಸ್‌ಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ದೋಷಯುಕ್ತವಾಗಿದ್ದು ಮತ್ತೆ ವೈರಸ್ ಹುಟ್ಟಿಸಲಾರವು ಎಂಬುದು ನಿಜ. ಆದರೆ ಸೋಂಕು ಮರುಕಳಿಸಲು ಉಳಿದ ಕೆಲವೇ ಸಾಕು.

ನಿರ್ಮೂಲನದ ಪ್ರಯತ್ನಗಳು

ಅಮೆರಿಕದ ಮಿಸಿಸಿಪಿಯಲ್ಲಿ 2010ರಲ್ಲಿ ಜನಿಸಿದ ಒಂದು ಮಗುವಿಗೆ ಹುಟ್ಟಿದ 30 ಗಂಟೆಗಳೊಳಗೆ ಚಿಕಿತ್ಸೆ ಆರಂಭಿಸಲಾಯಿತು. ಸುಮಾರು ಒಂದೂವರೆ ವರ್ಷದ ಬಳಿಕ ಔಷಧ ನಿಂತಿತು. ಅನಂತರ 27 ತಿಂಗಳು ವೈರಸ್ ಕಾಣಲಿಲ್ಲ. ಮಗು ಗುಣಮುಖವಾಯಿತೆಂಬ ನಿರೀಕ್ಷೆ ಮೂಡಿತ್ತು. ಆದರೆ 2014ರಲ್ಲಿ ವೈರಸ್ ಮರಳಿತು. ಅತಿ ಬೇಗನೆ ಆರಂಭಿಸಿದ ಚಿಕಿತ್ಸೆ ಸಂಗ್ರಹವನ್ನು ಕುಗ್ಗಿಸಬಲ್ಲದು, ಅಳಿಸಲಾರದು ಎಂಬುದು ಇದರಿಂದ ಸ್ಪಷ್ಟವಾಯಿತು.

ಸಂಪೂರ್ಣ ಗುಣಮುಖರಾದ ಮೊದಲಿಗರು ಟಿಮೊಥಿ ರೇ ಬ್ರೌನ್. ರಕ್ತದ ಕ್ಯಾನ್ಸರಿಗಾಗಿ ಬರ್ಲಿನ್‌ನಲ್ಲಿ 2007 ಮತ್ತು 2008ರಲ್ಲಿ ಅವರಿಗೆ ಕಾಂಡಕೋಶ ಕಸಿ ನಡೆಯಿತು. ಎಚ್‌ಐವಿ ಒಳಹೊಗಲು ಬಳಸುವ ಸಿಸಿಆರ್5 ಎಂಬ ದ್ವಾರವು ದಾನಿಯ ಕೋಶಗಳಲ್ಲಿ ಇರಲಿಲ್ಲ. 2020ರಲ್ಲಿ ಕ್ಯಾನ್ಸರ್ ಮರುಕಳಿಸಿ ಅವರು ತೀರಿಕೊಂಡರೂ ಎಚ್‌ಐವಿ ಮರಳಿರಲಿಲ್ಲ. ಆ ಬಳಿಕ ಬೆರಳೆಣಿಕೆಯಷ್ಟು ಮಂದಿ ಇದೇ ಬಗೆಯ ಕಸಿಯಿಂದ ಗುಣ ಹೊಂದಿದ್ದಾರೆ. ಆದರೆ ಕಸಿಯೇ ಪ್ರಾಣಾಪಾಯದ ಚಿಕಿತ್ಸೆ. ಮಾತ್ರೆಯಿಂದ ಆರೋಗ್ಯವಾಗಿರುವವರಿಗೆ ಅದು ಸಲ್ಲದು. ಸುಪ್ತ ವೈರಸ್ಸನ್ನು ಔಷಧದಿಂದ ಎಬ್ಬಿಸಿ ಆ ಕೋಶವನ್ನು ನಾಶಪಡಿಸುವ ವಿಧಾನವೂ ಪರೀಕ್ಷೆಯಲ್ಲಿದೆ. ಇದುವರೆಗೆ ವೈರಸ್ಸನ್ನು ಎಬ್ಬಿಸಲು ಸಾಧ್ಯವಾದರೂ ಸಂಗ್ರಹ ಗಮನಾರ್ಹವಾಗಿ ಇಳಿದಿಲ್ಲ.

ಚಿಕಿತ್ಸೆಯಲ್ಲಿರುವವರು ತಿಳಿದಿರಬೇಕಾದುದು

‘ಪತ್ತೆಯಾಗಿಲ್ಲ’ ಎಂಬ ವರದಿ ಔಷಧ ಫಲಿಸುತ್ತಿದೆ ಎಂಬುದರ ಗುರುತು. ರೋಗ ಹೋಗಿದೆ ಎಂಬುದರದ್ದಲ್ಲ. ಆ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಈ ರಕ್ಷಣೆಯೂ ಕಳೆದುಹೋಗುತ್ತದೆ. ಆಗಾಗ ಬಿಟ್ಟು ಬಿಟ್ಟು ಸೇವಿಸಿದರೆ ಔಷಧಕ್ಕೆ ಮಣಿಯದ ವೈರಸ್ ತಲೆಯೆತ್ತುವ ಅಪಾಯವಿದೆ.

ಭಾರತದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ಇದು ರಾಷ್ಟ್ರೀಯ ಕಾರ್ಯಕ್ರಮವಾದ್ದರಿಂದ ಕೂಲಿಗಾಗಿಯೋ ವ್ಯಾಪಾರಕ್ಕಾಗಿಯೋ ರಾಜ್ಯದ ಗಡಿ ದಾಟಿ ನೆಲೆಸುವವರು ತಮ್ಮ ದಾಖಲೆಯನ್ನು ಹೊಸ ಊರಿನ ಸಮೀಪದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಊರು ಬಿಡುವ ಮೊದಲೇ ಕೇಂದ್ರದಲ್ಲಿ ತಿಳಿಸಿದರೆ ಔಷಧ ತಪ್ಪುವುದಿಲ್ಲ. ಸೋಂಕಿತರ ಮಾಹಿತಿಯ ಗೋಪ್ಯತೆಯನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ರಕ್ಷಿಸುತ್ತದೆ. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿಯ ಸಂಖ್ಯೆ 1097.