ಮುಪ್ಪಿನಲ್ಲಿ ಮಿದುಳಿನ ಒರತೆ

ಎರಡು ವರ್ಷಗಳ ಹಿಂದೆ ನನ್ನ ತಮ್ಮನು ಮೈಸೂರಿನಿಂದ ವಾಟ್ಸಾಪಿನಲ್ಲಿ ಒಂದು ಪರೀಕ್ಷಾ ವರದಿಯನ್ನು ಕಳುಹಿಸಿದನು. ನಡಿಗೆ ಕುಂಠಿತವಾಗಿದ್ದ 78 ವರ್ಷದ ನಮ್ಮ ತಂದೆಯವರ ಬೆನ್ನಿನಿಂದ ತೆಗೆದ ದ್ರವದ ವರದಿ ಅದು. ಪ್ರೋಟೀನ್ ಎಂಬ ಸಾಲಿನೆದುರು ಡೆಸಿಲೀಟರಿಗೆ 54 ಮಿಲಿಗ್ರಾಂ ಎಂದಿದ್ದು, ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತಿತ್ತು. ಇಲ್ಲಿ ಆಗ ನಡುರಾತ್ರಿ, ಕೇಳಲು ವೈದ್ಯರಿಲ್ಲ. ಆ ಗುರುತಿನ ಹಿಂದೆ ಹೊರಟು ಓದಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತೇನೆ.

ಮಿದುಳಿನೊಳಗೆ ನಾಲ್ಕು ಕುಹರಗಳಿವೆ. ಅವುಗಳಲ್ಲಿ ಕುಚ್ಚುಗಳಂತೆ ಇರುವ ಅಂಗಾಂಶವೇ ಕೋರಾಯ್ಡ್ ಪ್ಲೆಕ್ಸಸ್. ಇದರ ಲೋಮನಾಳಗಳ ಗೋಡೆಯಲ್ಲಿ ರಂಧ್ರಗಳಿದ್ದು, ರಕ್ತದ ದ್ರವಾಂಶ ಸುಲಭವಾಗಿ ಹೊರಬರುತ್ತದೆ. ಆದರೆ ಅವುಗಳನ್ನು ಹೊದ್ದಿರುವ ಒಂದೇ ಪದರದ ಜೀವಕೋಶಗಳು ಪರಸ್ಪರ ಬಿಗಿಯಾಗಿ ಬೆಸೆದುಕೊಂಡು ಅದನ್ನು ತಡೆಯುತ್ತವೆ. ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸುವ ದ್ರವದ ಬಹುಭಾಗವನ್ನು ಸ್ರವಿಸುವವೂ ಇವೇ ಜೀವಕೋಶಗಳು. ವಯಸ್ಕರಲ್ಲಿ ಒಮ್ಮೆಗೆ ಇರುವ ದ್ರವ ಸುಮಾರು 150 ಮಿಲಿಲೀಟರ್. ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500. ಎಂದರೆ ದಿನಕ್ಕೆ ಮೂರು ಬಾರಿಗಿಂತಲೂ ಹೆಚ್ಚು ಸಲ ಅದು ಹೊಸದಾಗುತ್ತದೆ.

ಈ ಒರತೆ ಪ್ರೋಟೀನುಗಳನ್ನೂ ತಯಾರಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಟ್ರಾನ್ಸ್‌ಥೈರೆಟಿನ್. ಥೈರಾಕ್ಸಿನ್ ಹಾರ್ಮೋನನ್ನು ಹೊತ್ತೊಯ್ಯುವುದಲ್ಲದೆ, ಆಲ್‌ಜೈಮರ್ ಕಾಯಿಲೆಯಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಬೀಟಾಕ್ಕೂ ಅದು ಅಂಟಿಕೊಳ್ಳುತ್ತದೆ. ಇನ್ನೊಂದು ಕ್ಲೋಥೋ. 1997ರಲ್ಲಿ ಜಪಾನಿನ ಸಂಶೋಧಕರು ವರ್ಣಿಸಿದ ಈ ಪ್ರೋಟೀನಿಗೆ, ಬಾಳಿನ ನೂಲನ್ನು ನೂಲುವ ಗ್ರೀಕ್ ದೇವತೆಯ ಹೆಸರನ್ನಿಡಲಾಯಿತು. ಹೆಸರಿಟ್ಟವರು ರಸಿಕರೇ ಸರಿ.

ವಯಸ್ಸಾದಂತೆ ಈ ಜೀವಕೋಶಗಳು ಕುಗ್ಗಿ ಚಪ್ಪಟೆಯಾಗುತ್ತವೆ, ಅವುಗಳ ಕೆಳಗಿನ ಪೊರೆ ದಪ್ಪವಾಗುತ್ತದೆ, ಅಲ್ಲಲ್ಲಿ ಸುಣ್ಣ ಕಟ್ಟುತ್ತದೆ. (ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ ಈ ಸುಣ್ಣ ಸಾಮಾನ್ಯವಾಗಿ ರೋಗವಲ್ಲ.) ಮುದಿ ಕುರಿಗಳ ಮೇಲಿನ ಅಧ್ಯಯನಗಳಲ್ಲಿ ದ್ರವದ ಸ್ರಾವ ತಗ್ಗಿರುವುದು ಕಂಡುಬಂದಿದೆ. ಇಲಿಗಳಲ್ಲಿ ವಯಸ್ಸಿನೊಡನೆ ಕ್ಲೋಥೋ ಇಳಿಯುತ್ತದೆ. ಆದರೆ ಎಲ್ಲವೂ ಇಳಿಯುತ್ತದೆಂದು ತಿಳಿಯಬಾರದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮಿಖಾಲ್ ಶ್ವಾರ್ಟ್ಸ್ ಅವರ ತಂಡ 2014ರಲ್ಲಿ ತೋರಿಸಿದಂತೆ, ಮುಪ್ಪಿನ ಕೋರಾಯ್ಡ್ ಪ್ಲೆಕ್ಸಸ್ಸಿನಲ್ಲಿ ವೈರಾಣುವಿನ ವಿರುದ್ಧ ಹೂಡುವಂತಹ ಇಂಟರ್‌ಫೆರಾನ್ ಪ್ರತಿಕ್ರಿಯೆ ಏರಿರುತ್ತದೆ. ಮುದಿ ಇಲಿಗಳಲ್ಲಿ ಅದನ್ನು ತಡೆದಾಗ ಗ್ರಹಣಶಕ್ತಿ ಭಾಗಶಃ ಮರಳಿತು.

ಹಾಗಾದರೆ, ಒರತೆಯೇ ಬಡವಾಗುವಾಗ ದ್ರವದಲ್ಲಿ ಪ್ರೋಟೀನ್ ಏರುವುದೇಕೆ? ನನ್ನನ್ನು ಬಹಳ ಕಾಡಿದ ಪ್ರಶ್ನೆಯಿದು. ವರದಿಯ ಆ ಅಂಕಿ ಒಟ್ಟು ಮೊತ್ತ. ಅದರ ದೊಡ್ಡ ಪಾಲು ಆಲ್ಬುಮಿನ್. ಅದು ಯಕೃತ್ತಿನಲ್ಲಿ ಹುಟ್ಟಿ, ರಕ್ತದಿಂದ ದ್ರವಕ್ಕೆ ಅಲ್ಪಸ್ವಲ್ಪವಾಗಿ ಜಿನುಗುತ್ತದೆ. ಕೆರೆಗೆ ಒಳಹರಿವು ತಗ್ಗಿ, ಕೋಡಿ ಹರಿಯುವುದೂ ನಿಧಾನವಾದರೆ, ದಡದಿಂದ ಬಂದು ಸೇರುವ ಉಪ್ಪು ಅಲ್ಲಿಯೇ ಹೆಚ್ಚುಕಾಲ ನಿಂತು ನೀರು ಗಡುಸಾಗುವುದಲ್ಲವೆ? ಇದೂ ಹಾಗೆಯೇ. ತಡೆಗೋಡೆ ಒಡೆದಿರಲೇಬೇಕೆಂದಿಲ್ಲ, ಹರಿವು ಮಂದವಾಗಿದ್ದರೂ ಸಾಕು.

ಹೀಗಿದ್ದರೂ ಅನೇಕ ಪ್ರಯೋಗಾಲಯಗಳು ಎಲ್ಲ ವಯಸ್ಕರಿಗೂ 45 ಎಂಬ ಒಂದೇ ಮೇಲ್ಮಿತಿಯನ್ನು ಬಳಸುತ್ತವೆ. 50 ದಾಟಿದವರಿಗೆ ಅದು 60ರಷ್ಟಿರಬೇಕೆಂಬ ವಾದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ನನಗೂ ಅದು ಸಮಂಜಸವೆನಿಸುತ್ತದೆ. ಇದರರ್ಥ ವೃದ್ಧರ ವರದಿಯನ್ನು ಕಡೆಗಣಿಸಬಹುದೆಂದಲ್ಲ. ಬಿಳಿ ರಕ್ತಕಣಗಳ ಎಣಿಕೆ, ಸಕ್ಕರೆಯ ಪ್ರಮಾಣ, ಅದೇ ದಿನದ ರಕ್ತದ ಆಲ್ಬುಮಿನಿನೊಡನೆ ದ್ರವದ ಆಲ್ಬುಮಿನಿನ ಅನುಪಾತ, ಇವನ್ನೆಲ್ಲ ಒಟ್ಟಿಗೆ ನೋಡಬೇಕು. ತಂದೆಯವರಿಗೆ ಅಂದು ರಕ್ತಪರೀಕ್ಷೆ ಆಗಿರಲಿಲ್ಲ. ಉಳಿದೆರಡು ಸರಿಯಾಗಿರುವುದನ್ನು ನೋಡಿದ ನರರೋಗ ತಜ್ಞರು 54ನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ, ನಡಿಗೆಯ ವಿಚಾರಕ್ಕೆ ಬಂದರು.